‘ಸ್ಪ್ಲೆಂಡರ್ ಇನ್ ದ ಗ್ರಾಸ್’ ಚಿತ್ರದಲ್ಲಿ ಪ್ರಣಯ, ಮನೆ ಮತ್ತು ಕ್ಷಮೆ

ತಾರುಣ್ಯದ ಪ್ರಣಯವನ್ನು ವಸ್ತುವಾಗಿ ಉಳ್ಳ ಚಲಚ್ಚಿತ್ರಗಳಿಗೆ ಯಾವ ಭಾಷೆಯಲ್ಲಿಯೂ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಎರಡೇ ದಾರಿಗಳನ್ನು ಹಿಡಿದು ನಡೆಯುತ್ತವೆ. ಹಿರಿಯರು ಅಡ್ಡ ಬರುತ್ತಾರೆ, ಕಿರಿಯರು ಅವರನ್ನು ಗೆದ್ದು ಮದುವೆಯಾಗುತ್ತಾರೆ. ಇಲ್ಲವೆ ಹಿರಿಯರು ಗೆಲ್ಲುತ್ತಾರೆ, ಕಿರಿಯರು ಪ್ರಾಣ ಬಿಡುತ್ತಾರೆ. ಎರಡರಲ್ಲಿಯೂ ಕಥೆ ಮುಗಿಯುವುದು ಜಗಳ ಮುಗಿದ ಸ್ಥಳದಲ್ಲಿ. ಜಗಳದ ಮರುದಿನ ಆ ಮನೆಯಲ್ಲಿ ಯಾರು ಯಾರ ಮುಖವನ್ನು ಹೇಗೆ ನೋಡಿದರು, ನೋವುಂಡ ಮಕ್ಕಳು ನೋವು ಕೊಟ್ಟ ತಂದೆತಾಯಿಗಳೊಡನೆ ಮತ್ತೆ ಒಂದೇ ಮೇಜಿನಲ್ಲಿ ಕುಳಿತು ಹೇಗೆ ಉಂಡರು ಎಂಬುದನ್ನು ತೋರಿಸುವ ಗೋಜಿಗೆ ಅವು ಹೋಗುವುದಿಲ್ಲ. ಆ ಗೋಜಿಗೆ ಹೋದ ಒಂದು ಚಿತ್ರವನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ಅದು ೧೯೬೧ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಸ್ಪ್ಲೆಂಡರ್ ಇನ್ ದ ಗ್ರಾಸ್’.

ಈ ಚಿತ್ರದ ಹೆಸರು ನನ್ನ ಕಿವಿಗೆ ಬಿದ್ದುದು ಇಂಗ್ಲಿಷ್ ತರಗತಿಯಲ್ಲಿ. ವರ್ಡ್ಸ್‌ವರ್ತ್ ಕವಿಯ ಅಮರತ್ವದ ಪ್ರಗಾಥವನ್ನು ಪಾಠ ಹೇಳುತ್ತಿದ್ದ ನಮ್ಮ ಅಧ್ಯಾಪಕರು, ಆ ಪದ್ಯದ ನಾಲ್ಕು ಪದಗಳನ್ನೇ ಹೆಸರಾಗಿ ಇಟ್ಟುಕೊಂಡ ಚಿತ್ರವೊಂದಿದೆ ಎಂದರು. ಹಾಸ್ಟೆಲಿನ ಗೆಳತಿಯೊಬ್ಬಳ ಕಂಪ್ಯೂಟರಿನಲ್ಲಿ ಮೂವರು ಕೂಡಿ ನೋಡಿದೆವು. ಎರಡನೆಯ ಸಲ ನಾನೊಬ್ಬಳೇ ನೋಡಿದೆ. ಮೊದಲ ಸಲ ಪ್ರಣಯದ ಕಥೆಯಾಗಿ ಕಂಡದ್ದು ಎರಡನೆಯ ಸಲ ಮನೆಯ ಕಥೆಯಾಗಿ ಕಂಡಿತು. ಹೀಗೆ ಕಾಣಲು ಕಾರಣವೇನೆಂಬುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

೧

ಮೊದಲು ಚಿತ್ರವನ್ನು ನಿರ್ಮಿಸಿದವರ ಮಾತು. ನಿರ್ದೇಶಕ ಈಲಿಯಾ ಕಜಾನ್. ಈತನು ೧೯೦೯ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಗ್ರೀಕ್ ಮನೆತನದಲ್ಲಿ ಹುಟ್ಟಿ, ಎಳೆವೆಯಲ್ಲಿಯೇ ಅಮೆರಿಕಕ್ಕೆ ಬಂದವನು. ತಂದೆ ರತ್ನಗಂಬಳಿಯ ವ್ಯಾಪಾರಿ. ಮಗನೂ ಅದೇ ವ್ಯಾಪಾರ ಹಿಡಿಯಬೇಕೆಂಬುದು ಆ ತಂದೆಯ ಆಸೆ. ಮಗ ರಂಗಭೂಮಿಗೆ ಹೋದ, ಅನಂತರ ಚಲಚ್ಚಿತ್ರಕ್ಕೆ ಬಂದ. ತಂದೆಯ ಪ್ರೀತಿಗಾಗಿ ಹಂಬಲಿಸುವ ಮಗನ ಕಥೆಯನ್ನು ಆತ ೧೯೫೫ರ ‘ಈಸ್ಟ್ ಆಫ್ ಈಡನ್’ ಚಿತ್ರದಲ್ಲಿಯೇ ಹೇಳಿದ್ದನು. ಅದೇ ವಸ್ತು ಇಲ್ಲಿ ಇನ್ನಷ್ಟು ಮಾಗಿ ಬಂದಿದೆ.

ಚಿತ್ರಕಥೆಯನ್ನು ಬರೆದವನು ವಿಲಿಯಮ್ ಇಂಜ್. ಅಮೆರಿಕದ ನಡುನಾಡಾದ ಕ್ಯಾನ್ಸಸ್ ಸಂಸ್ಥಾನದ ಇಂಡಿಪೆಂಡೆನ್ಸ್ ಎಂಬ ಸಣ್ಣ ಊರಿನಲ್ಲಿ ೧೯೧೩ರಲ್ಲಿ ಹುಟ್ಟಿದವನು. ಸಣ್ಣ ಊರುಗಳ ಮನೆಗಳ ಒಳಗಿನ ಸಂಕಟವನ್ನು ಇವನಷ್ಟು ಬಲ್ಲ ನಾಟಕಕಾರರು ಆ ಕಾಲದಲ್ಲಿ ಕಡಮೆ. ‘ಪಿಕ್‌ನಿಕ್’ ನಾಟಕಕ್ಕಾಗಿ ೧೯೫೩ರಲ್ಲಿ ಪುಲಿಟ್ಜರ್ ಪಾರಿತೋಷಕವೂ, ಈ ಚಿತ್ರಕಥೆಗಾಗಿ ಅಕಾಡೆಮಿ ಪ್ರಶಸ್ತಿಯೂ ಇವನಿಗೆ ಸಂದವು. ಚಿತ್ರದಲ್ಲಿ ಚರ್ಚಿನ ಪಾದ್ರಿಯ ಪುಟ್ಟ ಪಾತ್ರವನ್ನು ಇವನೇ ಮಾಡಿದ್ದಾನೆ. ನಾಯಕಿಯ ಪಾತ್ರ ನಟಾಲಿ ವುಡ್ಡಳದು; ನಾಯಕ ವಾರೆನ್ ಬೇಟಿಗೆ ಇದೇ ಮೊದಲ ಚಿತ್ರ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ೧೯೩೪ರಿಂದ ೧೯೬೮ರ ವರೆಗೆ ಹಾಲಿವುಡ್ ಚಿತ್ರಗಳು ಕಟ್ಟುನಿಟ್ಟಾದ ಒಂದು ನೀತಿಸಂಹಿತೆಗೆ ಒಳಪಟ್ಟಿದ್ದವು. ಏನನ್ನು ತೋರಿಸಬಹುದು, ಏನನ್ನು ತೋರಿಸಬಾರದು ಎಂಬುದಕ್ಕೆ ಗೆರೆ ಎಳೆದಿತ್ತು. ಆದ್ದರಿಂದ ಈ ಚಿತ್ರ ಎಷ್ಟೋ ಮಾತುಗಳನ್ನು ಆಡದೆಯೇ ಆಡುತ್ತದೆ. ಇದು ಚಿತ್ರಕ್ಕೆ ಕೊರತೆಯಾಗದೆ ಒಪ್ಪವೇ ಆಗಿದೆ. ಏಕೆಂದರೆ ಕಥೆಯಲ್ಲಿರುವುದೂ ಮಾತನ್ನು ಬಾಯಿಗೆ ತರಲು ಅಂಜುವ ಮನೆಗಳೇ.

೨

ಇನ್ನು ಕಥೆ. ಕಾಲ ೧೯೨೮. ಸ್ಥಳ ಕ್ಯಾನ್ಸಸಿನ ಒಂದು ಸಣ್ಣ ಊರು. ಅಲ್ಲಿ ನೆಲದಡಿ ಎಣ್ಣೆ ಸಿಕ್ಕಿದೆ. ಎಣ್ಣೆ ಕಂಪನಿಯ ಷೇರು ಕೊಳ್ಳದ ಮನೆ ಅಪರೂಪ. ಡೀನಿ ಲೂಮಿಸ್ ದಿನಸಿ ಅಂಗಡಿಯವನ ಒಬ್ಬಳೇ ಮಗಳು. ಬಡ್ ಸ್ಟ್ಯಾಂಪರ್ ಎಣ್ಣೆಯಿಂದ ಸಿರಿವಂತನಾದ ಏಸ್ ಸ್ಟ್ಯಾಂಪರನ ಮಗ, ಶಾಲೆಯ ಫುಟ್‌ಬಾಲ್ ತಂಡದ ಕಣ್ಮಣಿ. ಇಬ್ಬರೂ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾರೆ. ಒಬ್ಬರನ್ನೊಬ್ಬರು ಮನಸಾರೆ ಮೆಚ್ಚಿದ್ದಾರೆ.

ಬಡ್ಡನಿಗೆ ಬೇಕಾದುದು ಬಹಳವಲ್ಲ: ಡೀನಿಯನ್ನು ಮದುವೆಯಾಗಬೇಕು, ಕೃಷಿ ಕಾಲೇಜಿನಲ್ಲಿ ಒಂದೆರಡು ವರ್ಷ ಓದಬೇಕು, ತಂದೆಯ ದನಕರುಗಳ ತೋಟವನ್ನು ನೋಡಿಕೊಂಡಿರಬೇಕು. ತಂದೆ ಇದಕ್ಕೆ ಒಪ್ಪುವುದಿಲ್ಲ. ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿ ನಾಲ್ಕು ವರ್ಷ ಓದಿ ಬರಲಿ, ಮದುವೆಯ ಮಾತು ಆಮೇಲೆ ಎನ್ನುತ್ತಾನೆ. ಅಲ್ಲಿಯ ವರೆಗೆ ಬೇರೆ ಬಗೆಯ ಹುಡುಗಿಯೊಬ್ಬಳನ್ನು ನೋಡಿಕೋ ಎಂದು ಸೂಚಿಸಲೂ ಹೇಸುವುದಿಲ್ಲ. ಅತ್ತ ಡೀನಿಯ ತಾಯಿಗೆ ಒಂದೇ ಚಿಂತೆ: ಮಗಳು ‘ಕೆಡ’ಬಾರದು, ಊರಿನ ಸಿರಿವಂತನ ಮಗ ಕೈತಪ್ಪಲೂ ಬಾರದು.

ಬಡ್ಡನ ಅಕ್ಕ ಜಿನ್ನಿ ಹೊರ ಊರಿನಲ್ಲಿ ಹೆಸರು ಕೆಡಿಸಿಕೊಂಡು ಮನೆಗೆ ಮರಳಿದ್ದಾಳೆ. ಹೊಸ ವರ್ಷದ ಹಿಂದಿನ ರಾತ್ರಿಯ ಔತಣದಲ್ಲಿ ಕುಡಿದ ಅವಳನ್ನು ಊರಿನ ಗಂಡಸರು ನಡೆಸಿಕೊಂಡ ರೀತಿಯನ್ನು ಬಡ್ ಕಣ್ಣಾರೆ ಕಾಣುತ್ತಾನೆ. ಅಂದಿನಿಂದ ಅವನಿಗೆ ತನ್ನ ಆಸೆಯ ಬಗೆಗೇ ಭಯ ಹುಟ್ಟುತ್ತದೆ. ಡೀನಿಯಿಂದ ದೂರ ಸರಿಯುತ್ತಾನೆ. ಕಾಯಿಲೆ ಬಿದ್ದು ಎದ್ದ ಮೇಲೆ ಮನೆಯ ವೈದ್ಯನನ್ನು ನಾಚುತ್ತ ಕೇಳುತ್ತಾನೆ. ವೈದ್ಯನಿಂದ ಉತ್ತರ ಬರುವುದಿಲ್ಲ. ಕೊನೆಗೆ ತರಗತಿಯ ಇನ್ನೊಬ್ಬ ಹುಡುಗಿಯ ಬಳಿ ಹೋಗುತ್ತಾನೆ. ಸುದ್ದಿ ಡೀನಿಗೆ ಮುಟ್ಟುತ್ತದೆ. ಅವಳ ಮನಸ್ಸು ಒಡೆಯುತ್ತದೆ. ಜಲಪಾತದ ಕಡೆಗೆ ಓಡಿ ನೀರಿಗೆ ಬೀಳುತ್ತಾಳೆ. ಜನ ಅವಳನ್ನು ಬದುಕಿಸಿ ತರುತ್ತಾರೆ. ತಂದೆತಾಯಿಗಳು ಅವಳನ್ನು ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸುತ್ತಾರೆ. ಎರಡೂವರೆ ವರ್ಷ ಅವಳು ಅಲ್ಲಿರುತ್ತಾಳೆ.

ಬಡ್ ಯೇಲಿಗೆ ಹೋಗುತ್ತಾನೆ. ಓದು ತಲೆಗೆ ಹತ್ತುವುದಿಲ್ಲ. ೧೯೨೯ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರು ಪೇಟೆ ಕುಸಿಯುತ್ತದೆ. ಸರ್ವಸ್ವವನ್ನೂ ಕಳೆದುಕೊಂಡ ಏಸ್ ಸ್ಟ್ಯಾಂಪರ್ ಮಗನನ್ನು ನ್ಯೂಯಾರ್ಕಿಗೆ ಕರೆದೊಯ್ದು ಒಂದು ರಾತ್ರಿ ಮೋಜು ಮಾಡಿಸಿ, ಅದೇ ರಾತ್ರಿ ಕಟ್ಟಡದಿಂದ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾನೆ. ಹೆಣವನ್ನು ಗುರುತಿಸುವ ಪಾಲು ಮಗನದು.

ಡೀನಿ ಗುಣವಾಗಿ ಮನೆಗೆ ಬರುತ್ತಾಳೆ. ಚಿಕಿತ್ಸಾಲಯದಲ್ಲಿ ಪರಿಚಯವಾದ ಜಾನ್ ಎಂಬ ತರುಣ ಅವಳನ್ನು ಮದುವೆಯಾಗಲು ಕೇಳಿದ್ದಾನೆ. ಆದರೂ ಅವಳು ಬಡ್ಡನನ್ನು ಒಮ್ಮೆ ಕಾಣಲೇಬೇಕು. ಅವನು ಈಗ ಹಳೆಯ ತೋಟದಲ್ಲಿದ್ದಾನೆ. ಯೇಲ್ ಇರುವ ನ್ಯೂ ಹೇವನ್ ಊರಿನ ಹೋಟೆಲಿನಲ್ಲಿ ಊಟ ಬಡಿಸುತ್ತಿದ್ದ ಏಂಜಲೀನಾ ಎಂಬ ಇಟಲಿ ಮೂಲದ ಹುಡುಗಿಯನ್ನು ಮದುವೆಯಾಗಿದ್ದಾನೆ. ಒಂದು ಮಗುವಿದೆ, ಇನ್ನೊಂದು ಹೊಟ್ಟೆಯಲ್ಲಿದೆ. ಇಬ್ಬರೂ ಕೆಲವು ನಿಮಿಷ ಮಾತಾಡುತ್ತಾರೆ, ಬೀಳ್ಕೊಳ್ಳುತ್ತಾರೆ. ಕಥೆ ಇಷ್ಟೇ.

೩

ಇದನ್ನು ಕೇವಲ ಹಿರಿಯರ ಕ್ರೌರ್ಯದ ಕಥೆ ಎಂದು ಓದುವುದು ಸುಲಭ. ಆದರೆ ಹಾಗೆ ಓದಿದರೆ ಚಿತ್ರದ ಅರ್ಧ ಪಾಲು ಕೈಬಿಡುತ್ತದೆ. ಇಲ್ಲಿಯ ಹಿರಿಯರಲ್ಲಿ ಮಕ್ಕಳನ್ನು ಪ್ರೀತಿಸದವರು ಒಬ್ಬರೂ ಇಲ್ಲ. ಕೇಡು ಬಂದುದು ಪ್ರೀತಿಯ ಅಭಾವದಿಂದಲ್ಲ, ಪ್ರೀತಿ ಹಿಡಿದ ದಾರಿಯಿಂದ.

ಏಸ್ ಸ್ಟ್ಯಾಂಪರನನ್ನು ನೋಡಿ. ಎಣ್ಣೆ ತೆಗೆಯುವ ಅಟ್ಟಣಿಗೆಯಿಂದ ಬಿದ್ದು ಕಾಲು ಊನವಾದವನು. ಕುಂಟುತ್ತ ನಡೆಯುತ್ತಾನೆ, ಆದರೆ ಎಂದೂ ಮೆಲ್ಲಗೆ ನಡೆಯುವುದಿಲ್ಲ. ಗಟ್ಟಿಯಾಗಿ ಮಾತಾಡುತ್ತಾನೆ, ಮಗನ ಬೆನ್ನು ತಟ್ಟುತ್ತಾನೆ, ಆದರೆ ಮಗನ ಮಾತನ್ನು ಎಂದೂ ಕೊನೆಯ ವರೆಗೆ ಕೇಳುವುದಿಲ್ಲ. ತಾನು ಓಡಲಾರದ ಓಟವನ್ನು ಮಗನ ಕಾಲಿನಿಂದ ಓಡಿಸಬೇಕು, ತಾನು ಏರದ ಮೆಟ್ಟಿಲನ್ನು ಮಗ ಏರಬೇಕು. ಇಂಥ ತಂದೆಯನ್ನು ಕಾಣಲು ಕ್ಯಾನ್ಸಸಿಗೇ ಹೋಗಬೇಕಾಗಿಲ್ಲ. ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರ ಮನೆಗಳಲ್ಲಿ, ಮೂಟೆ ಹೊತ್ತು ಬೆನ್ನು ಬಾಗಿದ ತಂದೆ ಮಗ ಸಾಹೇಬನಾಗಿ ಕುರ್ಚಿಯ ಮೇಲೆ ಕೂರುವುದನ್ನು ಕನಸು ಕಾಣುತ್ತಾನೆ. ಆ ಕನಸಿನಲ್ಲಿ ಪಾಪವಿಲ್ಲ. ಮಗನ ಕನಸು ಯಾವುದೆಂದು ಒಮ್ಮೆಯೂ ಕೇಳದೆ ಇದ್ದಾಗ ಮಾತ್ರ ಅದು ಭಾರವಾಗುತ್ತದೆ.

ಲೂಮಿಸ್ ಮನೆ ಬೇರೆಯ ತರಹದ್ದು. ಅಲ್ಲಿ ಗದ್ದಲವಿಲ್ಲ. ತಾಯಿಯ ಮಾತೇ ಮಾತು, ತಂದೆ ಮೌನಿ. ಮಗಳ ಮೇಲಿನ ಅಕ್ಕರೆಯನ್ನು ತಾಯಿ ಅನುಮಾನದ ರೂಪದಲ್ಲಿಯೇ ತೋರಿಸುತ್ತಾಳೆ. ಎದೆಯೊಡೆದು ಸ್ನಾನದ ತೊಟ್ಟಿಯಲ್ಲಿ ಕುಳಿತ ಮಗಳ ಬಳಿಗೆ ಬಂದ ತಾಯಿ ಕೇಳಬೇಕಾದ ಪ್ರಶ್ನೆ, ಏಕೆ ಅಳುತ್ತೀ ಎಂಬುದು. ಕೇಳುವ ಪ್ರಶ್ನೆ, ಆ ಹುಡುಗ ನಿನ್ನನ್ನು ಕೆಡಿಸಿದನೆ ಎಂಬುದು. ಡೀನಿ ಕಿರಿಚಿಕೊಳ್ಳುತ್ತಾಳೆ. ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚಾಗಿ ಅಲುಗಿಸಿದ ಸನ್ನಿವೇಶ ಇದು. ಅಲ್ಲಿ ತಾಯಿಯ ಮುಖದಲ್ಲಿ ಕಾಣುವುದು ಕೋಪವಲ್ಲ, ಹೆದರಿಕೆ. ಹೆದರಿದವರ ಕೈಯಲ್ಲಿ ಪ್ರೀತಿ ಎಷ್ಟು ಒರಟಾಗುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಷೇರಿನ ಹಣದ ಎಳೆಯನ್ನೂ ಇಲ್ಲಿ ಗಮನಿಸಬೇಕು. ಷೇರಿನ ಬೆಲೆ ಏರಿದಾಗಲೆಲ್ಲ ಹಿಗ್ಗುತ್ತಿದ್ದವರು ಲೂಮಿಸ್ ದಂಪತಿಗಳು. ಮಗಳ ಚಿಕಿತ್ಸೆಗೆ ಹಣ ಬೇಕಾದಾಗ ಅವರು ಆ ಷೇರುಗಳನ್ನು ಮಾರಿಬಿಡುತ್ತಾರೆ. ಸ್ವಲ್ಪ ಕಾಲದಲ್ಲಿಯೇ ೧೯೨೯ರ ಅಕ್ಟೋಬರ್ ೨೪ ಹಾಗೂ ೨೯ರ ಕುಸಿತ ಬರುತ್ತದೆ. ಚರಿತ್ರೆಯಲ್ಲಿ ಅದು ಎಂಥ ಕುಸಿತವೆಂದರೆ, ೧೯೨೯ರ ಸೆಪ್ಟೆಂಬರಿನಲ್ಲಿ ೩೮೧ರಷ್ಟಿದ್ದ ಡೌ ಜೋನ್ಸ್ ಸೂಚ್ಯಂಕ ೧೯೩೨ರ ಜುಲೈ ವೇಳೆಗೆ ೪೧ಕ್ಕೆ ಇಳಿದಿತ್ತು. ಒಂಬತ್ತು ರೂಪಾಯಿಯ ಆಸ್ತಿ ಒಂದು ರೂಪಾಯಿಯಾದ ಲೆಕ್ಕ. ಷೇರನ್ನು ನಂಬಿ ಕುಳಿತ ಏಸ್ ಸ್ಟ್ಯಾಂಪರ್ ಮುಳುಗಿದ. ಮಗಳಿಗಾಗಿ ಷೇರನ್ನು ಬಿಟ್ಟ ಲೂಮಿಸ್ ದಂಪತಿಗಳು ಉಳಿದರು. ಚಿತ್ರ ಇದನ್ನು ನೀತಿಪಾಠವಾಗಿ ಹೇಳಿ ತೋರಿಸುವುದಿಲ್ಲ. ಆದರೆ ಮಗಳ ಮನಸ್ಸನ್ನು ಅರಿಯಲಾರದ ಆ ತಾಯಿ, ಮಗಳಿಗಾಗಿ ತನ್ನ ಕೂಡಿಟ್ಟ ಗಂಟನ್ನು ಕೊಡಲು ಹಿಂದೆಮುಂದೆ ನೋಡಲಿಲ್ಲ ಎಂಬ ಸಂಗತಿ ನೋಡುಗನ ಮನಸ್ಸಿನಲ್ಲಿ ಉಳಿಯುತ್ತದೆ. ಮುಂದೆ ಬರುವ ಕ್ಷಮೆಗೆ ಇದು ಅಡಿಪಾಯ.

೪

ಚಿತ್ರದ ನಡುವೆ ಒಂದು ತರಗತಿಯ ಸನ್ನಿವೇಶವಿದೆ. ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಅದು ವಿಶೇಷವಾಗಿ ಹತ್ತಿರದ್ದು. ಬಡ್ ಬೇರೆ ಹುಡುಗಿಯೊಡನೆ ಹೋದ ಸುದ್ದಿ ಶಾಲೆಯಲ್ಲೆಲ್ಲ ಹರಡಿದೆ. ಅಂದೇ ಇಂಗ್ಲಿಷ್ ಉಪಾಧ್ಯಾಯಿನಿ ವರ್ಡ್ಸ್‌ವರ್ತನ ಪ್ರಗಾಥದ ಸಾಲುಗಳನ್ನು ಓದಿಸಿ, ಅದರ ಅರ್ಥವೇನೆಂದು ಡೀನಿಯನ್ನು ಕೇಳುತ್ತಾಳೆ. ಡೀನಿ ಎದ್ದು ನಿಂತು ಪರೀಕ್ಷೆಗೆ ಒಪ್ಪುವಂಥ ಉತ್ತರವನ್ನೇ ಹೇಳತೊಡಗುತ್ತಾಳೆ. ಹೇಳುತ್ತ ಹೇಳುತ್ತ ಗಂಟಲು ಕಟ್ಟುತ್ತದೆ. ಅಳುತ್ತ ತರಗತಿಯಿಂದ ಹೊರಗೆ ಓಡುತ್ತಾಳೆ.

ಆ ಪ್ರಗಾಥದ ಮೊದಲ ನಾಲ್ಕು ಭಾಗಗಳನ್ನು ಕವಿ ೧೮೦೨ರಲ್ಲಿ ಬರೆದು ನಿಲ್ಲಿಸಿದನು, ಉಳಿದುದನ್ನು ಮುಗಿಸಿದುದು ೧೮೦೪ರಲ್ಲಿ, ಅಚ್ಚಾದುದು ೧೮೦೭ರಲ್ಲಿ. ಮೊದಲ ಭಾಗಗಳು ಎಳೆತನದ ಬೆಳಕು ಎಲ್ಲಿ ಹೋಯಿತೆಂಬ ಪ್ರಶ್ನೆಯಲ್ಲಿ ನಿಲ್ಲುತ್ತವೆ. ಚಿತ್ರಕ್ಕೆ ಹೆಸರು ಕೊಟ್ಟ ಸಾಲುಗಳಿರುವುದು ಹತ್ತನೆಯ ಭಾಗದಲ್ಲಿ, ಎಂದರೆ ಉತ್ತರದ ಭಾಗದಲ್ಲಿ. ಕಳೆದುದನ್ನು ಕಳೆಯಿತೆಂದು ಒಪ್ಪಿಕೊಂಡವನು ಮುಂದಿನ ಬಾಳಿಗೆ ಬಲವನ್ನು ಎಲ್ಲಿಂದ ತರಬೇಕೆಂಬುದೇ ಅಲ್ಲಿಯ ವಿಚಾರ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಕವಿಗೆ ಸುಮಾರು ಎರಡು ವರ್ಷ ಹಿಡಿಯಿತು. ಡೀನಿಗೆ ತರಗತಿಯಲ್ಲಿ ಬಾಯಿಗೆ ಬಂದ ಉತ್ತರ ಎದೆಗೆ ಇಳಿಯಲು ಎರಡೂವರೆ ವರ್ಷ ಬೇಕಾಯಿತು. ಇದು ಚಿತ್ರದವರು ಎಣಿಸಿ ಇಟ್ಟ ಹೋಲಿಕೆ ಎಂದು ನಾನು ಹೇಳುತ್ತಿಲ್ಲ. ಆದರೆ ಪದ್ಯದ ಅರ್ಥವನ್ನು ಬರೆದು ಅಂಕ ಪಡೆಯುವುದಕ್ಕೂ ಅದನ್ನು ಬಾಳಿ ಅರಿಯುವುದಕ್ಕೂ ಇರುವ ದೂರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಚಿತ್ರದ ಕೊನೆಯಲ್ಲಿ ಅದೇ ಸಾಲುಗಳು ಡೀನಿಯ ಮನಸ್ಸಿನಲ್ಲಿ ಮತ್ತೆ ಕೇಳಿಸುತ್ತವೆ. ಈಗ ಅವಳು ಅಳುವುದಿಲ್ಲ.

೫

ಇನ್ನು ಲೇಖನದ ಮುಖ್ಯ ವಿಷಯವಾದ ಕ್ಷಮೆಗೆ ಬರೋಣ. ಈ ಚಿತ್ರದಲ್ಲಿ ಯಾರೂ ಯಾರ ಕಾಲಿಗೂ ಬೀಳುವುದಿಲ್ಲ. ಕಣ್ಣೀರಿನ ಹೊಳೆ ಹರಿಯುವುದಿಲ್ಲ. ಕ್ಷಮೆ ಇಲ್ಲಿ ಮೂರು ಸಣ್ಣ ಘಟನೆಗಳಲ್ಲಿ ನಡೆದುಹೋಗುತ್ತದೆ.

ಮೊದಲನೆಯದು ತಾಯಿಯದು. ಮನೆಗೆ ಬಂದ ಡೀನಿ ಈಗ ಹುಡುಗಿಯಲ್ಲ, ಹೆಂಗಸು. ತಾಯಿಗೆ ಅವಳೊಡನೆ ಹೇಗೆ ಮಾತಾಡಬೇಕೆಂದೇ ತಿಳಿಯದು. ಮಗಳು ತನ್ನನ್ನು ದ್ವೇಷಿಸುತ್ತಾಳೇನೋ ಎಂಬ ಅಳುಕು ಅವಳಿಗೆ. ತನಗೆ ತಿಳಿದಂತೆ, ತನ್ನನ್ನು ಬೆಳೆಸಿದ ರೀತಿಯಲ್ಲಿಯೇ ತಾನೂ ಮಗಳನ್ನು ಬೆಳೆಸಿದೆ ಎಂಬುದೇ ಅವಳ ಅಹವಾಲಿನ ತಿರುಳು. ಡೀನಿ ವಾದಿಸುವುದಿಲ್ಲ. ತಾಯಿ ಮಾಡಿದ್ದೆಲ್ಲ ಸರಿಯಾಗಿತ್ತು ಎಂದೂ ಹೇಳುವುದಿಲ್ಲ. ಪ್ರೀತಿಯ ಒಂದು ಮಾತನ್ನು ಆಡುತ್ತಾಳೆ, ಅಷ್ಟೇ. ತಾಯಿಯೂ ಒಬ್ಬ ತಾಯಿಯ ಮಗಳಾಗಿದ್ದಳು, ಅವಳಿಗೂ ಯಾರೋ ಹೆದರಿಕೆಯನ್ನು ಕಲಿಸಿದ್ದರು ಎಂಬ ಅರಿವು ಆ ಮಾತಿನ ಹಿಂದೆ ಇದೆ.

ಎರಡನೆಯದು ತಂದೆಯದು. ಗೆಳತಿಯರು ಮನೆಗೆ ಬಂದಾಗ ಡೀನಿ ಬಡ್ ಎಲ್ಲಿದ್ದಾನೆಂದು ಕೇಳುತ್ತಾಳೆ. ತಾಯಿಯ ಸನ್ನೆಗೆ ಕಟ್ಟುಬಿದ್ದು ಅವರು ಜಾರಿಕೊಳ್ಳುತ್ತಾರೆ. ಅಲ್ಲಿಯ ವರೆಗೆ ಹೆಂಡತಿಯ ಮಾತಿಗೆ ಎದುರಾಡದ ತಂದೆ, ಬಡ್ ಹಳೆಯ ತೋಟದಲ್ಲಿದ್ದಾನೆ ಎಂದು ಹೇಳಿಬಿಡುತ್ತಾನೆ. ಒಂದೇ ವಾಕ್ಯ. ಆದರೆ ಮಗಳು ಸತ್ಯವನ್ನು ತಾಳಬಲ್ಲಳೆಂದು ಆ ಮನೆಯಲ್ಲಿ ಮೊದಲ ಬಾರಿಗೆ ಒಬ್ಬರು ನಂಬಿದರು. ಮಕ್ಕಳು ತಂದೆತಾಯಿಗಳನ್ನು ಕ್ಷಮಿಸುವುದಕ್ಕೆ ತಂದೆತಾಯಿಗಳೂ ಒಂದು ಹೆಜ್ಜೆ ಮುಂದೆ ಬರಬೇಕಾಗುತ್ತದೆ; ಆ ಹೆಜ್ಜೆ ಇದು. ಮೌನದಿಂದ ಆದ ತಪ್ಪನ್ನು ಆತ ಮಾತಿನಿಂದ ತಿದ್ದಿದ.

ಮೂರನೆಯದು ಪ್ರಣಯಿಗಳದು. ಡೀನಿ ಬಿಳಿಯ ಉಡುಪು ತೊಟ್ಟು, ಟೋಪಿ ಕೈಗವಸು ಧರಿಸಿ ತೋಟಕ್ಕೆ ಹೋಗುತ್ತಾಳೆ. ಬಡ್ ಕೆಲಸದ ಮಾಸಿದ ಬಟ್ಟೆಯಲ್ಲಿ ಬರುತ್ತಾನೆ. ಒಳಗೆ ಅಡುಗೆಮನೆಯ ಸೆಕೆಯಲ್ಲಿ ಏಂಜಲೀನಾ ತನ್ನ ಉಡುಪಿನ ಬಗ್ಗೆ ನಾಚಿ ನಿಂತಿದ್ದಾಳೆ. ಡೀನಿ ಮಗುವನ್ನು ಎತ್ತಿಕೊಳ್ಳುತ್ತಾಳೆ. ಸುಖದ ವಿಷಯವನ್ನು ತಾನು ಹೆಚ್ಚಾಗಿ ಯೋಚಿಸುವುದಿಲ್ಲ ಎನ್ನುತ್ತಾನೆ ಬಡ್, ಡೀನಿಗೂ ಹಾಗೆಯೇ. ನೀನು ನನಗೆ ಹೀಗೆ ಮಾಡಿದೆ ಎಂದು ಅವಳು ಹೇಳುವುದಿಲ್ಲ, ತಪ್ಪಾಯಿತು ಎಂದು ಅವನು ಹೇಳುವುದಿಲ್ಲ. ಮಗುವನ್ನು ಎತ್ತಿಕೊಂಡ ಕೈಗಳೇ ಎಲ್ಲವನ್ನೂ ಹೇಳುತ್ತವೆ. ಅವಳು ಹೋದ ಮೇಲೆ ಬಡ್ ಒಳಗೆ ಬಂದು ಹೆಂಡತಿಯ ಅಳುಕನ್ನು ಒಂದು ಮುತ್ತಿನಿಂದ ಹೋಗಲಾಡಿಸುವುದನ್ನೂ ಮರೆಯಬಾರದು. ಅವನು ಉಳಿದ ಬಾಳಿಗೆ ಬೆನ್ನು ತಿರುಗಿಸಲಿಲ್ಲ.

ಈ ಮೂರಕ್ಕೂ ಎದುರಾಗಿ, ನಡೆಯದೆ ಹೋದ ಒಂದು ಕ್ಷಮೆಯೂ ಇದೆ. ಅದು ಬಡ್ ಮತ್ತು ಏಸ್ ಸ್ಟ್ಯಾಂಪರರ ನಡುವಿನದು. ಮಗ ತನ್ನ ಮನಸ್ಸನ್ನು ತಂದೆಗೆ ಪೂರ್ತಿಯಾಗಿ ಹೇಳಲಿಲ್ಲ. ಹೇಳಹೊರಟಾಗ ತಂದೆ ಕೇಳಲಿಲ್ಲ. ಆಮೇಲೆ ಹೇಳುವುದಕ್ಕೂ ಕೇಳುವುದಕ್ಕೂ ತಂದೆಯೇ ಉಳಿಯಲಿಲ್ಲ. ಕೊನೆಗೆ ಮಗ ತಾನು ಬಯಸಿದ ತೋಟದಲ್ಲಿಯೇ ನೆಲೆಸಿದ, ನಿಜ. ಆದರೆ ಅದನ್ನು ಪಡೆದುದು ತಂದೆಯ ಒಪ್ಪಿಗೆಯಿಂದಲ್ಲ, ತಂದೆಯ ಸಾವಿನಿಂದ. ಡೀನಿಯ ಮುಖದಲ್ಲಿ ಕೊನೆಗೆ ಕಾಣುವ ತಿಳಿತನ ಬಡ್ಡನ ಮುಖದಲ್ಲಿ ಅಷ್ಟಾಗಿ ಕಾಣದಿರುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

೬

ಇಲ್ಲಿ ಒಂದು ಆಕ್ಷೇಪ ಏಳಬಹುದು. ಒಬ್ಬ ಹುಡುಗಿಯ ಬುದ್ಧಿಯೇ ಕದಡಿ ಹೋಗುವಂತೆ ಮಾಡಿದವರನ್ನು ‘ಅವರಿಗೆ ಗೊತ್ತಿರಲಿಲ್ಲ’ ಎಂದು ಬಿಟ್ಟುಬಿಡುವುದು ನ್ಯಾಯವೆ? ಕ್ಷಮೆಯ ಹೆಸರಿನಲ್ಲಿ ಹಳೆಯ ಅನ್ಯಾಯಕ್ಕೆ ಹೊಸ ಮುಸುಕು ಹಾಕಿದಂತೆ ಆಗುವುದಿಲ್ಲವೆ? ನಾವು ಮೂವರು ಚಿತ್ರ ನೋಡಿ ಮುಗಿಸಿದಾಗ ಒಬ್ಬ ಗೆಳತಿ ಇದೇ ಮಾತನ್ನು ಬಿಸಿಯಾಗಿ ಕೇಳಿದಳು. ಜಿನ್ನಿಯನ್ನು ಯಾರು ಕ್ಷಮಿಸಿದರು, ಅವಳಿಗೆ ಅನ್ಯಾಯ ಮಾಡಿದ ಗಂಡಸರನ್ನು ಯಾರು ಕೇಳಿದರು ಎಂದೂ ಸೇರಿಸಿದಳು. ಕೊನೆಯ ಮಾತಿಗೆ ಚಿತ್ರದಲ್ಲಿ ಉತ್ತರವಿಲ್ಲ. ಜಿನ್ನಿಯ ಪಾಲಿಗೆ ಅದು ಕಠಿಣವಾಗಿಯೇ ಇದೆ. ಅದನ್ನು ಕೊರತೆಯೆಂದು ಒಪ್ಪಬೇಕು. ಮೊದಲ ಮಾತಿಗೆ ಉತ್ತರ ಹುಡುಕುವಾಗ ನನಗೆ ನನ್ನ ಮನೆಯೇ ಕಣ್ಣ ಮುಂದೆ ಬಂದಿತು.

ನನಗೊಬ್ಬ ಅಕ್ಕ ಇದ್ದಾಳೆ. ಏಳನೆಯ ತರಗತಿಗೆ ಅವಳನ್ನು ಶಾಲೆ ಬಿಡಿಸಿದರು. ಲೆಕ್ಕದಲ್ಲಿ ಅವಳು ನನಗಿಂತ ಚುರುಕು. ಮನೆಯಲ್ಲಿ ಕೆಲಸಕ್ಕೆ ಕೈ ಬೇಕಾಗಿತ್ತು, ಮುಂದಿನ ಶಾಲೆ ಬೇರೆ ಊರಿನಲ್ಲಿತ್ತು, ಬೆಳೆದ ಹುಡುಗಿಯನ್ನು ಬಸ್ಸಿನಲ್ಲಿ ಕಳಿಸಲು ಅಪ್ಪನಿಗೆ ಅಂಜಿಕೆ. ವಯಸ್ಸು ತುಂಬುತ್ತಲೇ ಮದುವೆ ಮಾಡಿದರು. ನನ್ನ ಸರದಿ ಬರುವ ಹೊತ್ತಿಗೆ ಊರಿಗೆ ಹೈಸ್ಕೂಲು ಬಂದಿತ್ತು, ನಾನು ಓದಿದೆ. ಕಾಲೇಜಿಗೆ ಬಂದು ನಾಲ್ಕು ಪುಸ್ತಕ ಓದಿದ ಮೇಲೆ ಒಂದು ರಜೆಯಲ್ಲಿ ಅವ್ವನನ್ನು ಕೇಳಿದೆ, ಅಕ್ಕನನ್ನು ಯಾಕೆ ಬಿಡಿಸಿದಿರಿ ಎಂದು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನನಗೂ ಹಂಗ ಮಾಡಿದ್ರವ್ವಾ. ಹಂಗ ಮಾಡೂದು ಅಂತನ ತಿಳಕೊಂಡಿದ್ವಿ” ಎಂದಳು. ಶ್ರೀಮತಿ ಲೂಮಿಸಳ ಅಹವಾಲನ್ನು ತೆರೆಯ ಮೇಲೆ ಕಂಡಾಗ ನನಗೆ ನೆನಪಾದುದು ಈ ಮಾತು. ಸಾವಿರಾರು ಮೈಲಿ ದೂರದ, ಬೇರೆ ಭಾಷೆಯ, ಬೇರೆ ಧರ್ಮದ ಇಬ್ಬರು ತಾಯಂದಿರು ಒಂದೇ ಮಾತನ್ನು ಆಡಿದ್ದರು.

ಆದರೆ ಅವ್ವನನ್ನು ಕ್ಷಮಿಸುವುದು ನನ್ನ ಕೈಯಲ್ಲಿರಲಿಲ್ಲ. ಕಳೆದುಕೊಂಡವಳು ಅಕ್ಕ; ಕ್ಷಮಿಸುವ ಹಕ್ಕು ಅವಳದು. ಅವಳ ಮಗಳು ಈಗ ಐದನೆಯ ತರಗತಿಯಲ್ಲಿ ಓದುತ್ತಾಳೆ. ಹಬ್ಬಕ್ಕೆ ತವರಿಗೆ ಬಂದಾಗ ಅಕ್ಕ ಅವ್ವನ ತಲೆಗೆ ಎಣ್ಣೆ ಹಚ್ಚುತ್ತ, “ನಿನ್ನ ಮೊಮ್ಮಗಳನ್ನ ಮಾತ್ರ ಯಾರ ಹೇಳಿದ್ರೂ ಬಿಡಿಸೂದಿಲ್ಲ ನೋಡವ್ವಾ” ಎಂದಳು. “ಬಿಡಿಸಬ್ಯಾಡ” ಎಂದಳು ಅವ್ವ. ಗೆಳತಿಯ ಪ್ರಶ್ನೆಗೆ ನನ್ನ ಉತ್ತರ ಇದೇ. ಎಣ್ಣೆ ಹಚ್ಚುವ ಕೈ ಕ್ಷಮಿಸಿದೆ. ಆದರೆ ಬಾಯಿ ಆ ತಪ್ಪನ್ನು ಸರಿಯೆಂದು ಒಪ್ಪಿಲ್ಲ. ಎರಡೂ ಒಟ್ಟಿಗೆ ಇರಬಲ್ಲವು. ಮುಸುಕು ಹಾಕುವುದು ಬೇರೆ, ಕ್ಷಮಿಸುವುದು ಬೇರೆ. ಮುಸುಕು ಹಾಕಿದರೆ ತಪ್ಪು ಮುಂದಿನ ತಲೆಮಾರಿಗೂ ಸಾಗುತ್ತದೆ. ಕ್ಷಮಿಸಿದರೆ ತಪ್ಪು ಅಲ್ಲಿಗೇ ನಿಲ್ಲುತ್ತದೆ, ಸಂಬಂಧ ಮಾತ್ರ ಮುಂದಕ್ಕೆ ಸಾಗುತ್ತದೆ.

೭

‘ಸ್ಪ್ಲೆಂಡರ್ ಇನ್ ದ ಗ್ರಾಸ್’ ದೋಷವಿಲ್ಲದ ಚಿತ್ರವಲ್ಲ. ಜಿನ್ನಿಯ ಮಾತನ್ನು ಮೇಲೆಯೇ ಹೇಳಿದೆ. ಕೆಲವೆಡೆ ಅಭಿನಯ ಅತಿಯಾಗಿದೆ; ಚಿಕಿತ್ಸಾಲಯದ ಎರಡೂವರೆ ವರ್ಷ ಬಹು ಬೇಗ ಸರಿದುಹೋಗುತ್ತದೆ; ಅಲ್ಲಿ ಪರಿಚಯವಾದ ಜಾನನನ್ನು ನಾವು ಸರಿಯಾಗಿ ಅರಿಯುವ ಮೊದಲೇ ಅವನು ವರನಾಗಿಬಿಡುತ್ತಾನೆ. ಇಷ್ಟಾದರೂ ಕೊನೆಯ ಇಪ್ಪತ್ತು ನಿಮಿಷಗಳಿಗಾಗಿ ಅದನ್ನು ನೋಡಬೇಕು. ಕಳೆದುಹೋದ ಪ್ರಣಯವನ್ನು ಅದು ಮರಳಿ ಕೊಡಿಸುವುದಿಲ್ಲ. ಕಳೆದುದು ಹಗುರವಾದುದಾಗಿತ್ತು ಎಂದೂ ಹೇಳುವುದಿಲ್ಲ. ಕಾಲ ಮಿಂಚಿತು ಎಂಬುದನ್ನು ಒಪ್ಪಿಕೊಂಡು, ಮಿಂಚದೆ ಉಳಿದಿರುವುದು ಏನೆಂದು ಕೇಳುತ್ತದೆ.

ವಿದ್ಯೆ ಪಡೆದ ಮಕ್ಕಳಿಗೂ ಪಡೆಯದ ತಂದೆತಾಯಿಗಳಿಗೂ ನಡುವೆ ಒಂದು ಹೊಸ ದೂರ ಹುಟ್ಟುವುದುಂಟು. ಓದಿದ ನಮಗೆ ಅವರ ತಪ್ಪುಗಳು ಸ್ಪಷ್ಟವಾಗಿ ಕಾಣತೊಡಗುತ್ತವೆ. ಕಾಣುವುದು ಒಳ್ಳೆಯದೇ, ಕಾಣದಿದ್ದರೆ ಓದಿ ಏನು ಫಲ? ಆದರೆ ಅದೇ ಕಣ್ಣಿನಿಂದ ಆ ತಪ್ಪುಗಳ ಹಿಂದಿನ ಹೆದರಿಕೆಯನ್ನೂ ಬಡತನವನ್ನೂ ಅವರಿಗೆ ಕಲಿಸಿದವರ ಕಲಿಕೆಯನ್ನೂ ಕಂಡರೆ ಮಾತ್ರ ಓದು ಪೂರ್ತಿಯಾಗುತ್ತದೆ. ಬಡ್ಡನಿಗೆ ಆ ಕಾಲ ಸಿಕ್ಕಲಿಲ್ಲ; ಡೀನಿಗೆ ಸಿಕ್ಕಿತು. ನಮ್ಮಲ್ಲಿ ಬಹುಮಂದಿಯ ಅಪ್ಪ ಅವ್ವ ಇನ್ನೂ ಮನೆಯಲ್ಲಿದ್ದಾರೆ, ರಜೆಗೆ ಬರುವ ಮಕ್ಕಳ ದಾರಿ ನೋಡುತ್ತಿದ್ದಾರೆ. ಕೇಳಬೇಕಾದ ಪ್ರಶ್ನೆಯನ್ನು ಅವರಲ್ಲಿ ಕೇಳೋಣ. ಉತ್ತರ ಬರುವ ವರೆಗೆ ಅವರ ಹತ್ತಿರ ಕುಳಿತಿರೋಣ.